ದೇವರ ಮನೆಯ ಕೆಂಪು ನೀರು

ದೇವರ ಮನೆಯ ನೆಲದಿಂದ ಕೆಂಪು ನೀರು ಒಸರುತ್ತಿತ್ತು. ಟೈಲ್ಸಿನ ಸಂದಿಯಲ್ಲಿ ಸಣ್ಣಗೆ ಗುಳ್ಳೆಯೆದ್ದು, ದೀಪದ ಕಂಬದ ಬುಡ ಸುತ್ತಿ ಹೊಸಿಲ ಕಡೆಗೆ ಹರಿಯುತ್ತಿತ್ತು. ಪ್ರೇಮಲೀಲಾ ಒರೆಸಿ ಒರೆಸಿ ಬಕೆಟ್ಟಿಗೆ ಹಿಂಡುತ್ತಿದ್ದಳು. ಒರೆಸಿದಷ್ಟೂ ಬರುತ್ತಿತ್ತು. ಅತ್ತೆ ಬೆಟ್ಟಮ್ಮನಂತೂ ಅತ್ತ ತಿರುಗಿಯೂ ನೋಡದೆ ನಡುಮನೆಯ ಮೂಲೆಯಲ್ಲಿ ಮುದುಡಿ ಕೂತಿದ್ದರು.

“ರಕ್ತ ಕಣಮ್ಮ ಅದು. ಯಾರೋ ಆಗದೋರು ಮಾಟ ಮಾಡ್ಸವ್ರೆ. ಈ ಮನೆ ಕಟ್ದಾಗ್ಲಿಂದ ಹೊಟ್ಟೆ ಉರ್ಕೊಳ್ಳೋರು ಒಬ್ರಾ ಇಬ್ರಾ?”

“ಸುಮ್ನಿರಿ ಅತ್ತೆ,” ಎಂದಳು ಪ್ರೇಮಲೀಲಾ. ಮಾಟ ಗೀಟ ನಂಬುವವಳಲ್ಲ ಅವಳು. ಆದರೆ ದೇವರ ಮುಂದೆಯೇ ನೆಲ ಹೀಗೆ ಕೆಂಪಾದರೆ ಎಂಥವರ ಎದೆಯೂ ಡವಗುಟ್ಟದೆ ಇದ್ದೀತೆ? ಡ್ಯೂಟಿಯಲ್ಲಿದ್ದ ಗಂಡನಿಗೆ ಫೋನ್ ಮಾಡಿದಳು. ಅವನಿಗೆ ಎಲ್ಲಾದರೂ ನೀರಿನ ಬಣ್ಣ ಬದಲಾದರೆ ತಿಳಿಸಿ ಎಂದು ಬಡಾವಣೆಯ ವಾಟ್ಸಾಪ್ ಗುಂಪಿಗೆ ಬಂದಿದ್ದ ಸೂಚನೆ ನೆನಪಾಗಿ, ಅದರಲ್ಲಿದ್ದ ನಂಬರಿಗೆ ವಿಷಯ ತಿಳಿಸಿದ.

ಸ್ಕೂಟರ್ ನಿಲ್ಲಿಸಿ ಓಡೋಡಿ ಒಳಗೆ ಬಂದವಳು ಮಾಲವಿಕಾ. ಹಾಳಾದ ಜೌಗು ನೆಲಗಳನ್ನು ಮತ್ತೆ ಬದುಕಿಸುವುದು ಅವಳ ಕೆಲಸ. ಬಡಾವಣೆಯ ಹಿಂದಿನ ಬೆಟ್ಟದ ಮೇಲೊಂದು ಜೌಗಿತ್ತು. ರಸ್ತೆ ಅಗಲ ಮಾಡುವಾಗ ಯಾರೋ ಪುಣ್ಯಾತ್ಮರು ಅದರ ಅಂಚು ಕಡಿದು ಹಾಕಿದ್ದರು. ಈಗ ಎಷ್ಟು ಮಳೆ ಬಿದ್ದರೂ ಅಲ್ಲಿ ನೀರು ನಿಲ್ಲದು. ಎಲ್ಲಿ ಸೋರಿಹೋಗುತ್ತಿದೆ ಎಂದು ತಿಳಿಯದೆ ದುರಸ್ತಿಯ ಯೋಜನೆ ಮಾಡುವುದಾದರೂ ಹೇಗೆ? ಅದಕ್ಕೇ ನಿನ್ನೆ ಅಲ್ಲಿನ ಬಿರುಕಿಗೆ ಬಣ್ಣ ಸುರಿದು, ಕೆಳಗಿನ ಕೆರೆಗೆ ನಾಲ್ಕಾರು ದಿನದಲ್ಲಿ ಬಂದೀತೆಂದು ಏರಿಯ ಮೇಲೆ ಕಾಯುತ್ತಿದ್ದಳು.

“ಇದು ನಾವು ಹಾಕಿದ ಬಣ್ಣ ಕಣ್ರೀ. ವಿಷ ಅಲ್ಲ, ಹೆದರ್ಬೇಡಿ.”

“ಬಣ್ಣಾನಾ!” ಪ್ರೇಮಲೀಲಾ ಕೂತಲ್ಲೇ ನಗತೊಡಗಿದಳು. “ಕೇಳಿಸ್ತಾ ಅತ್ತೆ? ಬಣ್ಣವಂತೆ!”

“ಹೋದ ಜೀವ ಬಂದಂಗಾಯ್ತು ಕಣವ್ವ,” ಎಂದು ಬೆಟ್ಟಮ್ಮ ಕೈ ಮುಗಿದರು. “ಲೀಲಾ, ಮೇಡಮ್ಮೋರಿಗೆ ಕಾಫಿ ಇಡು.”

ಅವರ ಭಯ ಇಳಿಯಿತು, ಮಾಲವಿಕಾಳದು ಅಲ್ಲಿಂದ ಶುರುವಾಯಿತು. ಮಣ್ಣಿನಲ್ಲಿ ಇಂಗಿ ಇಂಗಿ ಬರುವ ನೀರು ಒಂದೇ ರಾತ್ರಿಯಲ್ಲಿ ಇಲ್ಲಿಗೆ ಮುಟ್ಟುವುದು ಸಾಧ್ಯವೇ ಇಲ್ಲ. ಕೆಳಗೆ ಎಲ್ಲೋ ನೀರು ಬಿಲ ಕೊರೆದುಕೊಂಡಿದೆ. ಬಕೆಟ್ಟಿನ ತಳಕ್ಕೆ ಕೈ ಹಾಕಿದಳು. ಸಿಕ್ಕಿದ್ದನ್ನು ನಲ್ಲಿಯ ಕೆಳಗೆ ತೊಳೆದಳು. ಬಣ್ಣ ಹೋದ ಮೇಲೂ ಅಂಗೈಯಲ್ಲಿ ಕೆಮ್ಮಣ್ಣು ಉಳಿಯಿತು. ಮೇಲಿನ ಜೌಗಿನ ಮಣ್ಣು ಕಪ್ಪು; ಇದು ಅಲ್ಲಿಯದಲ್ಲ.

“ಮನೆ ಪಾಯಕ್ಕೆ ಯಾವ ಮಣ್ಣು ತುಂಬಿಸಿದ್ರಿ?”

“ಕೆಮ್ಮಣ್ಣೇ ಮೇಡಂ. ನಮ್ಮೆಜಮಾನ್ರು ಲೋಡುಗಟ್ಟಲೆ ಹೊಡ್ಸಿದ್ರು. ಯಾಕೆ?”

ಮಾಲವಿಕಾ ತಲೆಯೆತ್ತಿ ಹೊರಗೆ ನೋಡಿದಳು. ಕಿಟಕಿಯಾಚೆ ಬೆಟ್ಟದ ನೆತ್ತಿ ಕಾಣದಷ್ಟು ಮೋಡ ಕವಿದಿತ್ತು. ಕಡಿದ ಅಂಚು ಕಟ್ಟಿ, ಹುಲ್ಲು ಹಿಡಿಸಿ, ಜೌಗು ಮತ್ತೆ ನೀರು ತಡೆಯುವಂತಾಗಲು ಎರಡು ಮಳೆಗಾಲವಾದರೂ ಬೇಕು. ಈ ಮಳೆ ಸಂಜೆಯವರೆಗೂ ಕಾಯುವಂತಿರಲಿಲ್ಲ.

“ಹಿಂಗೆ ಮಣ್ಣು ಮೊದಲೂ ಬರ್ತಿತ್ತಾ?”

“ಹೋದ ವರ್ಷದಿಂದ, ಮಳೆ ಬಂದಾಗೆಲ್ಲ. ಬಣ್ಣ ಇರ್ಲಿಲ್ಲ ಅಷ್ಟೆ. ಇಲಿ ತೋಡ್ತವೆ ಅಂದ್ಕೊಂಡಿದ್ವಿ. ಒಳ್ಳೆ ಮಣ್ಣು ಯಾಕೆ ಬಿಸಾಕೋದು ಅಂತ ಕುಂಡಕ್ಕೆ ಹಾಕ್ಬುಟ್ಟೆ. ಬನ್ನಿ, ತೋರಿಸ್ತೀನಿ.”

ಪ್ರೇಮಲೀಲಾ ಹೆಮ್ಮೆಯಿಂದ ಹಿತ್ತಿಲ ಬಾಗಿಲು ತೆರೆದಳು. ಕಾಂಪೌಂಡಿನ ಉದ್ದಕ್ಕೂ, ಮೆಟ್ಟಿಲ ಮೇಲೆ, ನೀರಿನ ಟ್ಯಾಂಕಿನ ಕೆಳಗೆ ಕುಂಡಗಳು. ಕುಂಡ ಸಾಲದೆ ಪೇಂಟಿನ ಡಬ್ಬ, ಎಣ್ಣೆ ಟಿನ್ನು, ಒಡೆದ ಬಕೆಟ್ಟು. ಎಲ್ಲದರಲ್ಲೂ ಗುಲಾಬಿ, ಕನಕಾಂಬರ, ಸೇವಂತಿಗೆ. ಎಲ್ಲದರಲ್ಲೂ ಅಂಚಿನವರೆಗೆ ಕೆಮ್ಮಣ್ಣು.

“ಕಾಫಿ ಬೇಡ,” ಎಂದಳು ಮಾಲವಿಕಾ. “ಅತ್ತೆಯವರನ್ನ ಎಬ್ಬಿಸಿ ಹೊರಗೆ ಕರ್ಕೊಂಡು ಬನ್ನಿ. ನಡುಮನೇಲಿ ಮೆಲ್ಲಗೆ ಕಾಲಿಡಿ.”