ಯಾವ ದೇಶಕ್ಕೂ ಸೇರದ ಕ್ರಿಮಿ

ಲ್ಯಾಬಿನ ರಿಜಿಸ್ಟರಿನಲ್ಲಿ ಅಲಿಕುಂಞಿಯ ಹೆಸರಿನ ಮುಂದೆ ‘ಕ್ರಿಮಿ ಎರಡು ಮದ್ದಿಗೂ ಬಗ್ಗುವುದಿಲ್ಲ’ ಎಂದು ಟೆಕ್ನಿಶಿಯನ್ ಕುಸುಮಾವತಿ ಬರೆದಿದ್ದ ಸಾಲನ್ನು ಡಾಕ್ಟರ್ ರಾಜಗೋಪಾಲ ಬಿಳಿ ಶಾಯಿ ಬಳಿದು ಅಳಿಸಿದರು. “ಇಂಡಿಯಾ ಖಾನೆಗೆ ಇದು ಬೇಡ ಕುಸುಮಾ. ಬಿದೂನ್ ಖಾನೆಗೆ ಹಾಕಿಬಿಡಿ” ಎಂದರು.

ಬಿದೂನ್ ಎಂದರೆ ಕುವೈತಿನಲ್ಲೇ ಹುಟ್ಟಿ ಬೆಳೆದರೂ ಯಾವ ದೇಶದ ಕಾಗದವೂ ಇಲ್ಲದವರು. ಅಲ್ಲಿನ ಫರ್ವಾನಿಯಾ ಬಡಾವಣೆಯ ಆ ಪುಟ್ಟ ಲ್ಯಾಬಿನಲ್ಲಿ ತೊಂಬತ್ತನೇ ಇಸವಿಯ ಜೂನ್ ತಿಂಗಳಿಡೀ ಒಂದೇ ಗಡಿಬಿಡಿ. ಯಾವ ದೇಶದವರ ಕ್ಷಯದ ಕ್ರಿಮಿ ಯಾವ ಮದ್ದಿಗೆ ಸಾಯುವುದಿಲ್ಲ ಎಂಬ ಪಟ್ಟಿ ಸೆಮಿನಾರಿಗೆ ಹೋಗಬೇಕಿತ್ತು. ಲ್ಯಾಬಿಗೆ ಡಾಕ್ಟರುಗಳು ಮೂವರು, ಮೂರು ದೇಶದವರು. ಇಂಡಿಯಾದವರು ತಮ್ಮ ಹಟಮಾರಿ ಕ್ರಿಮಿಗಳನ್ನು ಪಾಕಿಸ್ತಾನದ ಖಾನೆಗೆ ನೂಕಿದರು, ಪಾಕಿಸ್ತಾನದವರು ಈಜಿಪ್ಟಿಗೆ, ಈಜಿಪ್ಟಿನವರು ತಿರುಗಿ ಇಂಡಿಯಾಕ್ಕೆ. ನಾಲ್ಕು ದಿನ ಮೂವರೂ ಒಟ್ಟಿಗೆ ಚಹಾ ಕುಡಿಯಲಿಲ್ಲ. ಐದನೆಯ ದಿನ, ಪರವಾಗಿ ಮಾತಾಡಲು ಡಾಕ್ಟರೇ ಇಲ್ಲದ ಖಾನೆಯೊಂದು ಮೂವರ ಕಣ್ಣಿಗೂ ಬಿತ್ತು. ಅಲ್ಲಿಗೆ ಸ್ನೇಹ ಮೊದಲಿನಂತಾಯಿತು. ಇಷ್ಟು ಓದಿ ಇವರು ಕಲಿತದ್ದು ಇದನ್ನೇ ಎಂದು ಕುಸುಮಾವತಿಗೆ ಹೇಸಿಗೆಯಾಯಿತು.

“ಸರ್, ಅಳಿಸಿದರೆ ಅಲಿಕುಂಞಿಯವರಿಗೆ ಪುನಃ ಅದೇ ಮಾತ್ರೆ ಹೋಗ್ತದೆ. ಆರು ತಿಂಗಳಿಂದ ನುಂಗ್ತಾ ಇದ್ದಾರೆ, ಕೆಮ್ಮಿದರೆ ರಕ್ತ ಬರುದು ನಿಲ್ಲಲಿಲ್ಲ.”

“ರಿಜಿಸ್ಟರೂ ರಿಪೋರ್ಟೂ ತಾಳೆ ಆಗ್ಬೇಕಲ್ರೀ? ನಾಳೆ ಹತ್ತು ದೇಶದವರ ಮುಂದೆ ನಮ್ಮ ದೇಶದ ಮರ್ಯಾದೆ ಏನಾಗ್ಬೇಕು?” ಡಾಕ್ಟರು ಕೋಟು ಸರಿಮಾಡಿಕೊಂಡರು. ಆಗಸ್ಟ್ ಹದಿನೈದಕ್ಕೆ ಬಾವುಟ ಏರಿಸುವ ಸಮಿತಿಗೆ ಅವರೇ ಅಧ್ಯಕ್ಷರು. ದೇಶದ ಮಾನ ಒಬ್ಬ ಮೆಕ್ಯಾನಿಕನ ಕಫದಲ್ಲಿ ಹೋಗಿಬಿಡುವಷ್ಟು ಅಗ್ಗವೆಂದು ಕುಸುಮಾವತಿಗೆ ಅಂದೇ ತಿಳಿದದ್ದು.

ಅಲಿಕುಂಞಿ ಹೊರಗೆ ಬೆಂಚಿನ ಮೇಲೆ ಕುಳಿತಿದ್ದ. ಶುವೈಖಿನ ಗ್ಯಾರೇಜಿನ ಎಣ್ಣೆ ಇನ್ನೂ ಉಗುರುಗಳಲ್ಲಿತ್ತು, ಅಂಗಿ ಮಾತ್ರ ಮೈಮೇಲೆ ಜೋತಾಡುತ್ತಿತ್ತು. ಕೈಯಲ್ಲಿದ್ದ ಕರವಸ್ತ್ರವನ್ನು ಅವಳು ನೋಡದಂತೆ ಮಡಚಿಕೊಂಡ. ಇವನು ಬದುಕಬೇಕು ಎಂದು ಅವಳಿಗೆ ಬಲವಾಗಿ ಅನ್ನಿಸಿತು.

“ಅಕ್ಕಾ, ರಿಪೋರ್ಟ್‌ನಲ್ಲಿ ಎಂತ ಉಂಟು?”

“ಸುಳ್ಳುಂಟು” ಎಂದಳು ಕುಸುಮಾವತಿ. “ಹಳೇ ಮಾತ್ರೆಯಿಂದ ನಿಮಗೆ ಗುಣ ಆಗುದಿಲ್ಲ. ಬೇರೆ ಮದ್ದು ಉಂಟು, ಅದು ಆಗಬಹುದು. ನಮ್ಮ ಬೀರುವಿನಲ್ಲೇ ಉಂಟು, ಹತ್ತು ಜನರಿಗೆ ಸಾಕಾಗುವಷ್ಟು.”

“ಮತ್ತೆ ಕೊಡ್ಲಿಕ್ಕೆ ಎಂತ ಕಷ್ಟ?”

“ಆರೋಗ್ಯ ಇಲಾಖೆಯವರು ರಿಜಿಸ್ಟರ್ ನೋಡಿ ಮದ್ದು ಕಳಿಸ್ತಾರೆ. ಅದು ಬಿದೂನರ ಹೆಸರಿನಲ್ಲಿ ಬಂದದ್ದು, ಇಂಡಿಯಾದವರಿಗೆ ಕೊಡ್ಲಿಕ್ಕಿಲ್ಲ.”

“ಅಯ್ಯೋ ಪಾಪ, ಹಾಗಾದ್ರೆ ಅವ್ರಿಗೆ ಬೇಕಲ್ಲ” ಎಂದ ಅಲಿಕುಂಞಿ.

ಅವಳು ರಿಜಿಸ್ಟರಿದ್ದ ಕೋಣೆಯತ್ತ ಕೈ ತೋರಿಸಿದಳು. “ಅವರು ಯಾರೂ ಇಲ್ಲ. ಈ ವರ್ಷ ಒಬ್ಬ ಬಿದೂನನ ಕಫವೂ ಈ ಲ್ಯಾಬಿಗೆ ಬರಲಿಲ್ಲ. ಡಾಕ್ಟರುಗಳು ತುಂಬಿಸಿದ ಬರೀ ಅಂಕಿ.”

ಅಲಿಕುಂಞಿಗೆ ಕೆಮ್ಮು ಒತ್ತರಿಸಿ ಬಂತು. ಆಮೇಲೆ ಅವನು ಬಾಯಿ ಒರೆಸಿಕೊಂಡು, ಗ್ಯಾರೇಜಿನಲ್ಲಿ ಬೇರೆ ಸ್ಪ್ಯಾನರ್ ಕೇಳುವವನಂತೆ ಹೇಳಿದ: “ಪಾಸ್‌ಪೋರ್ಟ್ ಹೇಗೂ ಕೆಲಸ ಕೊಟ್ಟ ಕಫೀಲನ ಹತ್ರ ಉಂಟು. ನನ್ನನ್ನೂ ಬಿದೂನ್ ಅಂತ ಬರೀರಿ ಅಕ್ಕಾ. ಜೀವ ಉಳಿದ್ರೆ ಆಮೇಲೆ ಇಂಡಿಯಾದವ ಆಗ್ತೇನೆ.”

ಕುಸುಮಾವತಿ ಒಳಗೆ ಹೋಗಿ ರಿಜಿಸ್ಟರ್ ತೆರೆದಳು. ಇನ್ನೂ ಒಣಗದ ಬಿಳಿ ಶಾಯಿಯ ಪಕ್ಕದಲ್ಲಿ ಅಲಿಕುಂಞಿಯ ದೇಶವನ್ನು ಹೊಡೆದುಹಾಕಿ, ಅವನ ಹೆಸರನ್ನು ಬಿದೂನ್ ಖಾನೆಯಲ್ಲಿ ಬರೆದಳು. ಹನ್ನೊಂದು ಕ್ರಿಮಿಗಳಿದ್ದ ಆ ಖಾನೆಗೆ ಕಡೆಗೂ ಒಬ್ಬ ಮನುಷ್ಯ ಸಿಕ್ಕಿದ.