ಆ ಹೂವು ಅರಳುವವರೆಗೆ

ಹಿಮಬೆಟ್ಟದ ಕಾವಲಿನಿಂದ ಗಂಡ ಕೊನೆಯದಾಗಿ ಕಳಿಸಿದ್ದು ಒಂದು ಚಿಟಿಕೆ ಕಾಡುಹೂವಿನ ಬೀಜ. ಚಳಿ ಬೇಕೆಂದು ಎರಡು ತಿಂಗಳು ಫ್ರಿಜ್ಜಿನಲ್ಲಿಟ್ಟು, ಹಿತ್ತಲಲ್ಲಿ ಕಲ್ಲು ಜೋಡಿಸಿ ಬಿತ್ತಿದೆ. ಮೊಳೆಯುವಷ್ಟರಲ್ಲಿ ಅವರು ಇರಲಿಲ್ಲ.

"ಅತ್ತೆ, ದೂರದ ಕಾಲೇಜಿನಲ್ಲಿ ಕೆಲಸ ಸಿಕ್ಕಿದೆ."

"ಅವನ ಹೂವು ಒಂದ್ಸಲ ನೋಡ್ಕೊಂಡು ಹೋಗೇ. ನಾನೇನು ನಿನ್ನ ಕಟ್ಟಿಹಾಕ್ತೀನಾ?"

ದಿನವೂ ನಾನು ಏಳುವ ಮೊದಲೇ ಅತ್ತೆ ಗಿಡಕ್ಕೆ ನೀರು ಹಾಕುತ್ತಿದ್ದರು. ಎರಡು ವರ್ಷದಲ್ಲಿ ಸಿಕ್ಕ ಎರಡು ಕೆಲಸಕ್ಕೂ ಹೋಗದೆ ಬಿಟ್ಟೆ. ಮೂರನೆಯ ಕೆಲಸದ ಪತ್ರ ಬಂತು.

"ಈ ವರ್ಷವೂ ಮೊಗ್ಗಿಲ್ಲ, ಅತ್ತೆ."

"ಚಳಿ ಸೀಮೆದು ಕಣೇ. ಹೊಂದ್ಕೊಳ್ಳೋಕೆ ಬಿಡು."

ಬರಲಾರೆನೆಂದು ಬರೆದು ಅಂಚೆಗೆ ಹಾಕಿ ಬಂದು, ಬಟ್ಟೆ ಒಗೆಯಲು ಕೂತೆ. ಅತ್ತೆ ಸ್ನಾನಕ್ಕೆ ಮುಂಚೆ ಬಿಚ್ಚಿಟ್ಟಿದ್ದ ಸೀರೆಯ ಸೆರಗಿನಲ್ಲೊಂದು ಗಂಟಿತ್ತು. ಬಿಚ್ಚಿದೆ. ಆಗಷ್ಟೇ ಚಿವುಟಿದ ಐದು ನೀಲಿ ಮೊಗ್ಗುಗಳಿದ್ದವು.