ಹೆಣ್ಣಾನೆ ಕಾಯುವ ಬಾಗಿಲು

ಜಾಂಬಿಯಾದ ಆ ಸಣ್ಣ ಅಭಯಾರಣ್ಯವನ್ನು ಆನೆಗಳೇ ನೋಡಿಕೊಳ್ಳತೊಡಗಿದ ಮೇಲೆ, ಬಂದವರನ್ನೆಲ್ಲ ಹಿರಿಯ ಹೆಣ್ಣಾನೆಯೊಂದು ಬಾಗಿಲಲ್ಲಿ ಮೂಸಿ ಒಳಗೆ ಬಿಡುತ್ತಿತ್ತು. ನೆಟ್ಟಗೆ ನಿಂತವರು ಸಂಜೆಯವರೆಗೆ ಅತಿಥಿಗಳು. ತಲೆ ಬಗ್ಗಿಸಿದವರು ಹಿಂಡಿಗೆ ಸೇರಿದವರು. ಇದನ್ನು ಗೈಡ್ ಮ್ವಾನ್ಸಾ ವ್ಯಾನಿನಲ್ಲೇ ಹೇಳಿದ್ದ. ಅವನ ಮಾತು ಎಲ್ಲರ ಕಿವಿಗೆ ಸಿಕ್ಕಿಸಿದ್ದ ಅನುವಾದದ ಗುಂಡಿಯಲ್ಲಿ ಕನ್ನಡವಾಗಿಯೇ ಕೇಳಿತ್ತು.

ಆದರೆ ರಾಣೆಬೆನ್ನೂರು ಕಡೆಯ ಗಂಗವ್ವ ಅಲ್ಲಿಯವರೆಗೆ ಆನೆ ಕಂಡದ್ದು ಮಠದ ಬಾಗಿಲಲ್ಲಿ ಮಾತ್ರ. ಸೊಂಡಿಲು ಹತ್ತಿರ ಬಂದದ್ದೇ ತಡ, ಸೆರಗು ಹೊದ್ದು, ಕೈಮುಗಿದು ಬಗ್ಗಿಬಿಟ್ಟಳು. ಆನೆ ಅವಳ ನೆತ್ತಿ ಮುಟ್ಟಿ ಪಕ್ಕಕ್ಕೆ ಎಳೆದುಕೊಂಡಿತು.

“ತಮ್ಮಾ, ಅಕಿಗೆ ರೂಢಿ ಅದು! ಬಿಡ್ಸಿಕೊಡೊ,” ಎಂದ ಗಂಡ ಚನಬಸಪ್ಪ.

“ಹಿಂಡು ಬಿಟ್ಟುಕೊಡುವುದಿಲ್ಲ, ಯಜಮಾನರೇ,” ಎಂದ ಮ್ವಾನ್ಸಾ. “ನಿಮ್ಮ ವ್ಯಾನು ಸಂಜೆಗೆ ಹೊರಡುತ್ತದೆ.”

“ಸುಮ್ಮನ ನಿಂತೀರಲ್ರಿ, ಬರ್ತೀರೋ ಇಲ್ಲೋ?” ಗಂಗವ್ವ ಆನೆಯ ಮರೆಯಿಂದ ಕೂಗಿದಳು. ಅವಳ ಹಿಂದೆ ಕೆಂಪು ಗುಡ್ಡ, ಹೊಳೆ, ಹೊಳೆಯ ತುಂಬ ನೀರಾನೆಗಳ ಬೆನ್ನು.

ಚನಬಸಪ್ಪನಿಗೆ ಊರಲ್ಲಿ ತಮ್ಮನಿಗೆ ಒಪ್ಪಿಸಿ ಬಂದ ಎಮ್ಮೆಗಳು ನೆನಪಾದವು. ವ್ಯಾನಿನ ಕಡೆ ಒಮ್ಮೆ ನೋಡಿದ. ಆಮೇಲೆ ಟೋಪಿ ತೆಗೆದು ಮ್ವಾನ್ಸಾನ ಕೈಗೆ ಕೊಟ್ಟ.

“ರೊಟ್ಟಿ ಗಂಟು ಅಕಿ ಹತ್ರನ ಐತಿ,” ಎಂದು ತಲೆ ಬಗ್ಗಿಸಿದ.